ಸಿಂಥೆಟಿಕ್ ಆಯಿಲ್ ಹಾಕಿದರೆ ಎಷ್ಟು ದಿನ ಓಡಿಸಬಹುದು?

ವಾಹನಗಳ ನಿರ್ವಹಣೆಯ ಮಾತು ಬಂದಾಗಲೆಲ್ಲ ಹಳ್ಳಿಯ ವೀಕ್ಷಕರು ತಪ್ಪದೆ ಕೇಳುವ ಪ್ರಶ್ನೆಯೊಂದಿದೆ. ಹೊಸದಾಗಿ ಬಂದಿರುವ ಸಿಂಥೆಟಿಕ್ ಇಂಜಿನ್ ಆಯಿಲ್ ಹಾಕಿಸಿದರೆ ಆಯಿಲ್ ಬದಲಿಸುವ ಅವಧಿಯನ್ನು ಎರಡು ಪಟ್ಟು, ಮೂರು ಪಟ್ಟು ಮುಂದೂಡಬಹುದೇ? ಗ್ಯಾರೇಜಿನಲ್ಲಿ "ಕಾಕಾ, ಸಿಂಥೆಟಿಕ್ ಹಾಕೀನ್ರಿ, ಇನ್ನ ಹತ್ತು ಸಾವಿರದ ತನಕಾ ಮುಟ್ಟಬ್ಯಾಡ್ರಿ" ಎಂದು ಭರವಸೆ ಕೊಡುವವರಿದ್ದಾರೆ. "ಅದೆಲ್ಲಾ ಕಂಪನಿಯವರ ಆಟ, ಎಣ್ಣಿ ಎಣ್ಣಿನ" ಎಂದು ತಳ್ಳಿಹಾಕುವವರೂ ಇದ್ದಾರೆ. ಎರಡು ಮಾತಿನಲ್ಲೂ ಸ್ವಲ್ಪ ಸ್ವಲ್ಪ ನಿಜವಿದೆ. ದೂರದರ್ಶನದ ಭಾಷಣದಲ್ಲಿ ಅಂಕಿಸಂಖ್ಯೆಗಳನ್ನು ಹೇಳುತ್ತ ಹೋದರೆ ಕೇಳಿದವರ ನೆನಪಿನಲ್ಲಿ ಉಳಿಯುವುದಿಲ್ಲ. ಆದ್ದರಿಂದ ಇಲ್ಲಿ ಬರಹದಲ್ಲಿ ಕೊಂಚ ವಿವರವಾಗಿ ನೋಡೋಣ.

ಉದಾಹರಣೆಗೆ ಹಾವೇರಿ ಜಿಲ್ಲೆ ಶಿಗ್ಗಾವಿ ತಾಲೂಕಿನ ಹುಲಗೂರನ್ನು ತೆಗೆದುಕೊಳ್ಳೋಣ. ದರ್ಗಾದಿಂದಾಗಿ ಸುತ್ತಲಿನ ಜಿಲ್ಲೆಗಳಿಗೆಲ್ಲ ಪರಿಚಿತವಾದ ಊರು ಇದು. ಸುತ್ತ ಹತ್ತಿ, ಶೇಂಗಾ, ಗೋವಿನಜೋಳ, ಮೆಣಸಿನಕಾಯಿ ಬೆಳೆಯುವ ಹೊಲಗಳು. ಇಂಥ ಊರಿನಲ್ಲಿ ಒಂದು ಬೆಳಿಗ್ಗೆ ಎಷ್ಟು ಬಗೆಯ ಇಂಜಿನ್‌ಗಳು ಚಾಲೂ ಆಗುತ್ತವೆ ನೋಡಿ. ಮನೆಯಿಂದ ಹೊಲಕ್ಕೆ, ಹೊಲದಿಂದ ಡೇರಿಗೆ ದಿನಕ್ಕೆ ಹತ್ತು ಸಲ ಶುರುವಾಗಿ ಹತ್ತು ಸಲ ನಿಲ್ಲುವ 100 ಸಿ.ಸಿ. ಬೈಕು. ಸಂತೆಗೆ ಜನ, ಕಾಯಿಪಲ್ಲೆ ಎರಡನ್ನೂ ಹೊತ್ತೊಯ್ಯುವ ಟಂಟಂ. ಸುಗ್ಗಿಯಲ್ಲಿ ನಿಂತಲ್ಲೇ ನಿಂತು ರಾಶಿ ಮಷೀನು ತಿರುಗಿಸುವ ಟ್ರ್ಯಾಕ್ಟರ್. ಸವಣೂರು, ಶಿಗ್ಗಾವಿಗಳಿಗೆ ಹೋಗಿಬರುವ ವಾಯವ್ಯ ಸಾರಿಗೆಯ ಬಸ್ಸು. ಶಿಗ್ಗಾವಿಯ ಬಳಿ ಹಾದುಹೋಗುವ ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ (2010ರವರೆಗೆ 4ನೇ ಸಂಖ್ಯೆಯದು, ಆಮೇಲೆ 48) ಒಂದೇ ಉಸಿರಿಗೆ ಇನ್ನೂರು ಮುನ್ನೂರು ಕಿ.ಮೀ. ಓಡುವ ಲಾರಿ. ಇವೆಲ್ಲಕ್ಕೂ "ಆಯಿಲ್" ಎಂಬ ಒಂದೇ ಹೆಸರಿನ ದ್ರವ ಹಾಕುತ್ತೇವೆ. ಆದರೆ ಆ ದ್ರವ ಪಡುವ ಪಾಡು ಪ್ರತಿಯೊಂದರಲ್ಲೂ ಬೇರೆ. ಆಯಿಲ್ ಎಷ್ಟು ಕಾಲ ಬಾಳುತ್ತದೆ ಎಂಬುದನ್ನು ಡಬ್ಬಿಯ ಮೇಲಿನ ಹೆಸರಿಗಿಂತ ಹೆಚ್ಚಾಗಿ ಈ ಪಾಡೇ ನಿರ್ಧರಿಸುತ್ತದೆ. ಈ ಲೇಖನದಲ್ಲಿ ಹೇಳಬೇಕಾದ ಮುಖ್ಯ ಮಾತು ಇದೇ.

ಎಣ್ಣೆ ಹಳಸುವುದು ಹೇಗೆ?

ಇಂಜಿನ್ ಒಳಗಿನ ಎಣ್ಣೆಗೆ ಜಾರಿಸುವುದೊಂದೇ ಕೆಲಸವಲ್ಲ. ಉಕ್ಕಿನ ಎರಡು ಭಾಗಗಳ ನಡುವೆ ತೆಳುವಾದ ಪದರವಾಗಿ ನಿಂತು ಸವೆತ ತಪ್ಪಿಸುತ್ತದೆ. ಪಿಸ್ಟನ್ನಿನ ಶಾಖವನ್ನು ಹೊತ್ತು ಹೊರಗೆ ತರುತ್ತದೆ. ರಿಂಗಿಗೂ ಬೋರಿಗೂ ನಡುವಿನ ಸಂದನ್ನು ಮುಚ್ಚಿ ಒತ್ತಡ ಸೋರದಂತೆ ನೋಡಿಕೊಳ್ಳುತ್ತದೆ. ಮಸಿಯನ್ನು ತೊಳೆದು ತನ್ನೊಳಗೆ ಇಟ್ಟುಕೊಳ್ಳುತ್ತದೆ, ತುಕ್ಕನ್ನು ತಡೆಯುತ್ತದೆ. ಇಷ್ಟೆಲ್ಲ ಮಾಡಲು ಬರೀ ಎಣ್ಣೆಗೆ ಸಾಧ್ಯವಿಲ್ಲ. ಡಬ್ಬಿಯಲ್ಲಿರುವುದರಲ್ಲಿ ನೂರಕ್ಕೆ 75ರಿಂದ 90 ಪಾಲು ಮೂಲ ಎಣ್ಣೆ. ಉಳಿದದ್ದು ಸೇರಿಸಿದ ರಾಸಾಯನಿಕಗಳು. ಅವುಗಳಲ್ಲಿ ಕೊಳೆ ತೊಳೆಯುವವು, ಮಸಿ ಗಟ್ಟಿಯಾಗದಂತೆ ಚದುರಿಸಿ ಇಡುವವು, ಆಮ್ಲವನ್ನು ಮಣಿಸುವವು, ಸತುವಿನ ಸಂಯುಕ್ತದಂಥ ಸವಕಳಿ ತಡೆಯುವವು, ಬಿಸಿಯಾದಾಗ ಎಣ್ಣೆ ತೀರ ನೀರಾಗದಂತೆ ಹಿಡಿಯುವವು ಇರುತ್ತವೆ.

ಎಣ್ಣೆ ಮೂರು ದಾರಿಗಳಲ್ಲಿ ಕೆಡುತ್ತದೆ. ಒಂದು, ಶಾಖ. ಬಿಸಿಯಲ್ಲಿ ಗಾಳಿಯ ಆಮ್ಲಜನಕದೊಡನೆ ಸೇರಿ ಮೂಲ ಎಣ್ಣೆಯೇ ಹಳಸಿ ಅಂಟಾಗುತ್ತದೆ. ಉಷ್ಣತೆ ಪ್ರತಿ 10 ಡಿಗ್ರಿ ಏರಿದಂತೆ ಹಳಸುವ ವೇಗ ಸುಮಾರು ಇಮ್ಮಡಿಯಾಗುತ್ತದೆ ಎಂಬುದು ಈ ಕ್ಷೇತ್ರದವರು ಬಳಸುವ ಸ್ಥೂಲ ಲೆಕ್ಕ. ಎರಡು, ಸೇರಿಸಿದ ರಾಸಾಯನಿಕಗಳು ಕೆಲಸ ಮಾಡುತ್ತ ಮಾಡುತ್ತ ಖರ್ಚಾಗುತ್ತವೆ. ಮೂರು, ಹೊರಗಿನಿಂದ ಸೇರುವ ಕಲ್ಮಶ. ಧೂಳು, ಮಸಿ, ಉರಿಯದ ಪೆಟ್ರೋಲು ಅಥವಾ ಡೀಸೆಲ್, ನೀರಿನ ಪಸೆ, ಲೋಹದ ಪುಡಿ ಎಲ್ಲವೂ ಇದರಲ್ಲಿ ಬರುತ್ತವೆ.

ಈ ಮೂರನ್ನು ನೆನಪಿನಲ್ಲಿಡಿ. ಸಿಂಥೆಟಿಕ್ ಎಣ್ಣೆ ಮೊದಲನೆಯದಕ್ಕೆ ಒಳ್ಳೆಯ ಉತ್ತರ. ಎರಡನೆಯದಕ್ಕೆ ಅದರಲ್ಲಿ ಬೆರೆಸಿದ ರಾಸಾಯನಿಕಗಳನ್ನು ಅವಲಂಬಿಸಿ ಉತ್ತರ ಇರಬಹುದು, ಇಲ್ಲದಿರಬಹುದು. ಮೂರನೆಯದಕ್ಕೆ ಅದು ಉತ್ತರವೇ ಅಲ್ಲ.

ಸಿಂಥೆಟಿಕ್ ಎಂದರೆ

ಕನ್ನಡದಲ್ಲಿ ಕೀಲೆಣ್ಣೆ ಎಂಬ ಪದ ಇಂಜಿನ್‌ಗಳು ಬರುವ ಮೊದಲೇ ಇತ್ತು. ಚಕ್ಕಡಿಯ ಅಚ್ಚಿಗೆ ಹಚ್ಚುತ್ತಿದ್ದ ಎಣ್ಣೆ ಅದು, ಹಲವು ಕಡೆ ಔಡಲೆಣ್ಣೆ. ಲೋಹಕ್ಕೆ ಗಟ್ಟಿಯಾಗಿ ಅಂಟಿಕೊಳ್ಳುವ ಗುಣ ಔಡಲೆಣ್ಣೆಗಿದೆ. ಅದನ್ನು ಗಮನಿಸಿಯೇ ಇಂಗ್ಲೆಂಡಿನ ವೇಕ್‌ಫೀಲ್ಡ್ ಕಂಪನಿ 1909ರಲ್ಲಿ ಮೋಟಾರು, ವಿಮಾನಗಳ ಎಣ್ಣೆಗೆ ಔಡಲೆಣ್ಣೆ ಬೆರೆಸಿತು. ಇಂಗ್ಲಿಷಿನ 'ಕ್ಯಾಸ್ಟರ್' ಪದದಿಂದಲೇ ಅದಕ್ಕೆ 'ಕ್ಯಾಸ್ಟ್ರಾಲ್' ಎಂದು ಹೆಸರಿಟ್ಟಿತು. ನಮ್ಮ ಬದುವಿನ ಮೇಲಿನ ಔಡಲ ಗಿಡಕ್ಕೂ ಪೇಟೆಯ ಡಬ್ಬಿಗೂ ಇಂಥದೊಂದು ನಂಟು ಇದೆ. ನಂಟು ಅಲ್ಲಿಗೇ ಮುಗಿಯುವುದಿಲ್ಲ. ಎರಡನೆಯ ಮಹಾಯುದ್ಧದ ನಂತರ ಜೆಟ್ ವಿಮಾನಗಳು ಬಂದಾಗ ನೆಲದಿಂದ ತೆಗೆದ ಎಣ್ಣೆ ಅವುಗಳ ಶಾಖಕ್ಕೂ ಆಕಾಶದ ಚಳಿಗೂ ತಾಳಲಿಲ್ಲ. ಆಗ ಎಸ್ಟರ್ ಎಂಬ ಜಾತಿಯ ಕೃತಕ ಎಣ್ಣೆಗಳನ್ನು ತಯಾರಿಸಿದರು. ಅವುಗಳಲ್ಲಿ ಮುಖ್ಯವಾದ ಒಂದನ್ನು ಮಾಡಲು ಬೇಕಾದ ಸೆಬಾಸಿಕ್ ಆಮ್ಲ ಔಡಲೆಣ್ಣೆಯಿಂದಲೇ ಬರುತ್ತದೆ.

ರಸ್ತೆಯ ವಾಹನಗಳಿಗೆ ಸಿಂಥೆಟಿಕ್ ಎಣ್ಣೆ ವ್ಯಾಪಕವಾಗಿ ಬಂದದ್ದು 1970ರ ದಶಕದಲ್ಲಿ. ಅಮೆರಿಕದ ಆಮ್ಸಾಯಿಲ್ ಕಂಪನಿ 1972ರಲ್ಲಿ ಮಾರುಕಟ್ಟೆಗೆ ತಂದ ಎಣ್ಣೆಯನ್ನು 25,000 ಮೈಲಿ, ಅಂದರೆ ಸುಮಾರು 40,000 ಕಿ.ಮೀ. ಓಡಿಸಬಹುದೆಂದು ಪ್ರಚಾರ ಮಾಡಿತು. ಸ್ವಲ್ಪದರಲ್ಲೇ ಮೊಬಿಲ್ ಕಂಪನಿಯ ಸಿಂಥೆಟಿಕ್ ಎಣ್ಣೆಯೂ ಬಂತು. "ಸಿಂಥೆಟಿಕ್ ಹಾಕಿದರೆ ಬದಲಿಸಬೇಕಿಲ್ಲ" ಎಂಬ ಮಾತಿಗೆ ಆ ಕಾಲದ ಪ್ರಚಾರದ ಪಾಲು ದೊಡ್ಡದು.

ನೆಲದಿಂದ ತೆಗೆದ ಕಚ್ಚಾ ತೈಲವನ್ನು ಶುದ್ಧೀಕರಿಸಿದಾಗ ಸಿಗುವ ಖನಿಜ ಎಣ್ಣೆಯಲ್ಲಿ ಅಣುಗಳು ದೊಡ್ಡವು, ಸಣ್ಣವು, ನೇರವಾದವು, ಸುತ್ತಿಕೊಂಡವು ಎಲ್ಲ ಕಲೆತಿರುತ್ತವೆ. ಜರಡಿ ಹಿಡಿಯದ ಕಾಳಿನ ಹಾಗೆ. ಸಿಂಥೆಟಿಕ್‌ನಲ್ಲಿ ಬೇಕಾದ ಅಳತೆಯ ಅಣುಗಳನ್ನೇ ಕಟ್ಟಿರುತ್ತಾರೆ. ಅದರಿಂದ ಶಾಖದಲ್ಲಿ ಬೇಗ ಹಳಸುವುದಿಲ್ಲ, ಆವಿಯಾಗಿ ಕಡಿಮೆಯಾಗುವುದೂ ಕಡಿಮೆ, ಚಳಿಯಲ್ಲಿ ಹೆಪ್ಪುಗಟ್ಟುವುದಿಲ್ಲ. ಅಮೆರಿಕದ ಪೆಟ್ರೋಲಿಯಂ ಸಂಸ್ಥೆ ಮೂಲ ಎಣ್ಣೆಗಳನ್ನು ಐದು ಗುಂಪುಗಳಾಗಿ ವಿಂಗಡಿಸಿದೆ. ಒಂದು, ಎರಡು ಸಾಮಾನ್ಯ ಖನಿಜ ಎಣ್ಣೆಗಳು. ನಾಲ್ಕು, ಐದು ನಿಜವಾಗಿ ಕಾರ್ಖಾನೆಯಲ್ಲಿ ಕಟ್ಟಿದವು. ಮೂರನೆಯದು ಖನಿಜ ಎಣ್ಣೆಯನ್ನೇ ಜಲಜನಕದೊಡನೆ ಭಾರೀ ಒತ್ತಡದಲ್ಲಿ ಸಂಸ್ಕರಿಸಿ ಬಹುಪಾಲು ಹೊಸದಾಗಿಸಿದ್ದು. ಈ ಮೂರನೆಯದನ್ನು ಸಿಂಥೆಟಿಕ್ ಎಂದು ಕರೆಯಬಹುದೇ ಎಂದು ಕ್ಯಾಸ್ಟ್ರಾಲ್, ಮೊಬಿಲ್ ಕಂಪನಿಗಳ ನಡುವೆ ತಕರಾರು ಎದ್ದಿತು. 1999ರಲ್ಲಿ ಅಮೆರಿಕದ ಜಾಹೀರಾತು ಪರಿಶೀಲನಾ ಮಂಡಲಿ ಕರೆಯಬಹುದೆಂದು ಹೇಳಿತು. ಇಂದು ಅಂಗಡಿಯ ಅನೇಕ "ಫುಲ್ಲಿ ಸಿಂಥೆಟಿಕ್" ಡಬ್ಬಿಗಳಲ್ಲಿ ಇರುವುದು ಈ ಮೂರನೆಯ ಗುಂಪಿನ ಎಣ್ಣೆ. ಇದು ಮೋಸವಲ್ಲ, ಎಣ್ಣೆ ಒಳ್ಳೆಯದೇ. ಆದರೆ ಆ ಪದ ಒಂದೇ ಒಂದು ವಸ್ತುವಿನ ಹೆಸರಲ್ಲ ಎಂಬುದು ತಿಳಿದಿರಲಿ. "ಸೆಮಿ ಸಿಂಥೆಟಿಕ್" ಎಂದಿದ್ದರಂತೂ ಎಷ್ಟು ಪಾಲು ಬೆರೆಸಿದ್ದಾರೆ ಎಂಬುದನ್ನು ಸಾಮಾನ್ಯವಾಗಿ ಡಬ್ಬಿಯ ಮೇಲೆ ಬರೆದಿರುವುದಿಲ್ಲ.

ನಮ್ಮ ಕಡೆಗೆ ಇದರ ಉಪಯೋಗ ಎಷ್ಟು? 20ಡಬ್ಲ್ಯೂ-40, 10ಡಬ್ಲ್ಯೂ-30 ಎಂದು ಡಬ್ಬಿಯ ಮೇಲೆ ಬರೆದಿರುವುದು ಎಣ್ಣೆಯ ಸ್ನಿಗ್ಧತೆ, ಅಂದರೆ ಮಂದತನದ ಅಳತೆ. 'ಡಬ್ಲ್ಯೂ' ಎಂದರೆ ಚಳಿಗಾಲ. 20ಡಬ್ಲ್ಯೂ ಎಣ್ಣೆಯನ್ನು ಸೊನ್ನೆಗಿಂತ 15 ಡಿಗ್ರಿ ಕೆಳಗೆ, 10ಡಬ್ಲ್ಯೂ ಎಣ್ಣೆಯನ್ನು 25 ಡಿಗ್ರಿ ಕೆಳಗೆ ಇಂಜಿನ್ ತಿರುಗಿಸಲು ಸಾಧ್ಯವೇ ಎಂದು ಪರೀಕ್ಷಿಸಿರುತ್ತಾರೆ. ಹಾವೇರಿ ಜಿಲ್ಲೆಯಲ್ಲಿ ಪುಷ್ಯ ಮಾಸದ ನಸುಕಿನಲ್ಲೂ ಉಷ್ಣತೆ 10 ಡಿಗ್ರಿಗಿಂತ ಕೆಳಗಿಳಿಯುವುದು ಅಪರೂಪ. ಆದ್ದರಿಂದ ಸಿಂಥೆಟಿಕ್ ಎಣ್ಣೆಗೆ ಹಿಮದ ದೇಶಗಳಲ್ಲಿ ದೊಡ್ಡ ಹೆಸರು ತಂದುಕೊಟ್ಟ ಗುಣದಿಂದ ಹುಲಗೂರಿನವರಿಗೆ ಹೆಚ್ಚಿನ ಲಾಭವಿಲ್ಲ. ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಮೂವರನ್ನು ಹೊತ್ತು ಏರು ಹತ್ತುವ, ಗಾಳಿಯಿಂದಲೇ ತಣ್ಣಗಾಗಬೇಕಾದ ಬೈಕಿನ ಇಂಜಿನ್ನಿಗೆ ಶಾಖ ತಾಳುವ ಗುಣ ಮಾತ್ರ ಉಪಯೋಗಕ್ಕೆ ಬರುತ್ತದೆ. ಹಾಗೆಂದು "ಗಟ್ಟಿ ಎಣ್ಣೆ ಹಾಕಿದರೆ ಇಂಜಿನ್ ಗಟ್ಟಿ" ಎಂದು 10ಡಬ್ಲ್ಯೂ-30 ಹೇಳಿರುವ ಬೈಕಿಗೆ 20ಡಬ್ಲ್ಯೂ-50 ಸುರಿಯುವುದು ಸರಿಯಲ್ಲ. ಇಂದಿನ ಇಂಜಿನ್‌ಗಳ ಸಂದುಗಳು ಕಿರಿದು. ಎಣ್ಣೆ ಬೇಗ ಮೇಲೇರಬೇಕು.

ಹಳೆಯ ಲೆಕ್ಕ ಏಕೆ ಬದಲಾಯಿತು?

ಹಿಂದಿನವರು ಅಷ್ಟು ಬೇಗ ಬೇಗ ಆಯಿಲ್ ಬದಲಿಸುತ್ತಿದ್ದರಲ್ಲ, ಅದು ಅಜ್ಞಾನವೇ? ಅಲ್ಲ. ಅದಕ್ಕೆ ದೊಡ್ಡ ಕಾರಣವೊಂದಿತ್ತು, ಡೀಸೆಲ್ಲಿನಲ್ಲಿದ್ದ ಗಂಧಕ. 1990ರ ದಶಕದ ಆರಂಭದಲ್ಲಿ ನಮ್ಮ ದೇಶದ ಡೀಸೆಲ್ಲಿನಲ್ಲಿ ನೂರಕ್ಕೆ ಒಂದು ಪಾಲಿನವರೆಗೂ ಗಂಧಕಕ್ಕೆ ಅವಕಾಶವಿತ್ತು. ಅಂದರೆ ಹತ್ತು ಲಕ್ಷ ಪಾಲಿಗೆ 10,000 ಪಾಲು. ಗಂಧಕ ಉರಿದು ನೀರಿನ ಆವಿಯೊಡನೆ ಸೇರಿದರೆ ಗಂಧಕಾಮ್ಲ. ಅದು ಬೋರು, ರಿಂಗು, ಬೇರಿಂಗುಗಳನ್ನು ತಿನ್ನುತ್ತದೆ. ಅದನ್ನು ಮಣಿಸಲು ಎಣ್ಣೆಯಲ್ಲಿ ಕ್ಷಾರದ ಸಂಗ್ರಹ ಇಟ್ಟಿರುತ್ತಾರೆ. ಈ ಸಂಗ್ರಹದ ಅಳತೆಯೇ ಟಿ.ಬಿ.ಎನ್. ಎಂಬ ಸಂಖ್ಯೆ. ಕ್ಷಾರ ತೀರಿದ ಮೇಲೆ ಎಣ್ಣೆ ನೋಡಲು ಚೆನ್ನಾಗಿದ್ದರೂ ಇಂಜಿನ್ನನ್ನು ಕಾಯುವುದಿಲ್ಲ.

ಮುಂದೆ ಹಂತಹಂತವಾಗಿ ಗಂಧಕ ಇಳಿಯಿತು. ಬಿ.ಎಸ್.-4 ಡೀಸೆಲ್ಲಿನಲ್ಲಿ ಹತ್ತು ಲಕ್ಷಕ್ಕೆ 50 ಪಾಲು. 2020ರ ಏಪ್ರಿಲ್‌ನಿಂದ ದೇಶದಾದ್ಯಂತ ಬಂದ ಬಿ.ಎಸ್.-6 ಇಂಧನದಲ್ಲಿ ಕೇವಲ 10 ಪಾಲು. ಹತ್ತು ಸಾವಿರದಿಂದ ಹತ್ತಕ್ಕೆ! ಆಯಿಲ್ ಬದಲಿಸುವ ಅವಧಿ ಉದ್ದವಾದುದಕ್ಕೆ ಸಿಂಥೆಟಿಕ್ ಎಣ್ಣೆಗೆ ಕೊಡುವ ಕೀರ್ತಿಯಲ್ಲಿ ದೊಡ್ಡ ಪಾಲು ಈ ಬದಲಾವಣೆಗೆ ಸಲ್ಲಬೇಕು. ಇಂದು ಅನೇಕ ಪೆಟ್ರೋಲ್ ಕಾರುಗಳಿಗೆ ಕಂಪನಿಯವರೇ 10,000 ಕಿ.ಮೀ. ಅಥವಾ ಒಂದು ವರ್ಷ ಎಂದು ಹೇಳುತ್ತಾರೆ. ಹೆದ್ದಾರಿಯ ಭಾರೀ ಲಾರಿಗಳಿಗೆ 40,000 ಕಿ.ಮೀ.ಗೂ ಮೇಲ್ಪಟ್ಟ ಅವಧಿ ಹೇಳುವುದುಂಟು.

ಲಾರಿಗೆ 40,000 ಆದರೆ ನನ್ನ ಬೈಕಿಗೆ 3,000 ಏಕೆ ಎಂದು ಕೇಳುವವರು ಒಂದು ಸಣ್ಣ ಲೆಕ್ಕ ನೋಡಬೇಕು. ಲಾರಿಯ ಚೇಂಬರಿನಲ್ಲಿ ಹತ್ತು ಹದಿನೈದು ಲೀಟರಿಗೂ ಹೆಚ್ಚು ಎಣ್ಣೆ ಇರುತ್ತದೆ. ಬೈಕಿನಲ್ಲಿ ಒಂದು ಲೀಟರಿಗಿಂತ ಕೊಂಚ ಕಡಿಮೆ. ಹೆದ್ದಾರಿಯಲ್ಲಿ ಲಾರಿಯ ಇಂಜಿನ್ ನಿಮಿಷಕ್ಕೆ ಸುಮಾರು ಒಂದೂವರೆ ಸಾವಿರ ಸುತ್ತು ತಿರುಗಿದರೆ, 100 ಸಿ.ಸಿ. ಬೈಕು ಓಟದಲ್ಲಿ ಐದು ಸಾವಿರದ ಆಸುಪಾಸು ತಿರುಗುತ್ತದೆ. ಬೈಕಿನಲ್ಲಿ ಗೇರು, ಕ್ಲಚ್ಚು, ಇಂಜಿನ್ನು ಮೂರೂ ಒಂದೇ ಎಣ್ಣೆಯಲ್ಲಿ ಮುಳುಗಿರುತ್ತವೆ. ಗೇರಿನ ಹಲ್ಲುಗಳು ಎಣ್ಣೆಯ ಉದ್ದ ಅಣುಗಳನ್ನು ಕಡಿದು ಅದನ್ನು ತೆಳ್ಳಗೆ ಮಾಡುತ್ತವೆ. ಇನ್ನೂ ಒಂದು ಮಾತು. ಹಳ್ಳಿಗಳಲ್ಲಿ ಬಹಳ ಓಡುವ 100 ಸಿ.ಸಿ. ಬೈಕುಗಳಲ್ಲಿ ಅನೇಕಕ್ಕೆ ಕಾಗದದ ಆಯಿಲ್ ಫಿಲ್ಟರೇ ಇಲ್ಲ. ಒಂದು ಜಾಲರಿ, ತಿರುಗುತ್ತ ಕೊಳೆಯನ್ನು ಅಂಚಿಗೆ ತಳ್ಳುವ ಒಂದು ಬಟ್ಟಲು, ಅಷ್ಟೇ. ಸೂಕ್ಷ್ಮವಾದ ಕೊಳೆಯೆಲ್ಲ ಎಣ್ಣೆಯಲ್ಲೇ ಸುತ್ತುತ್ತಿರುತ್ತದೆ. ಎಣ್ಣೆ ಬದಲಿಸುವುದೇ ಅಲ್ಲಿ ಕೊಳೆ ತೆಗೆಯುವ ದಾರಿ.

ಧೂಳು ಎಂಬ ಶತ್ರು

ಈಗ ಟ್ರ್ಯಾಕ್ಟರಿನ ಮಾತು. ಹುಲಗೂರಿನಂಥ ಊರಿನಲ್ಲಿ ಹೆಚ್ಚಿನ ಹಣ ಹೂಡಿರುವುದು ಇದರ ಮೇಲೆ. ಹೆಚ್ಚಿನ ನಷ್ಟವಾಗುವುದೂ ಇಲ್ಲೇ.

ಗೋವಿನಜೋಳದ ರಾಶಿ ನಡೆಯುವಾಗ ನೋಡಿ. ಟ್ರ್ಯಾಕ್ಟರ್ ಒಂದಿಂಚೂ ಸರಿಯದೆ ನಿಂತಿರುತ್ತದೆ. ಹಿಂದಿನ ಶಾಫ್ಟಿನಿಂದ ರಾಶಿ ಮಷೀನು ತಿರುಗುತ್ತಿರುತ್ತದೆ. ಹೊಟ್ಟು, ರವದಿ, ಒಣ ಎರಿ ಮಣ್ಣಿನ ಪುಡಿ ಎಲ್ಲ ಸೇರಿ ಟ್ರ್ಯಾಕ್ಟರು ಕಾಣದಷ್ಟು ಮೋಡ ಎದ್ದಿರುತ್ತದೆ. ಇಂಜಿನ್ ಉಸಿರಾಡುವುದು ಆ ಮೋಡವನ್ನೇ. ಮಣ್ಣಿನ ಧೂಳಿನಲ್ಲಿ ಸಿಲಿಕಾ, ಅಂದರೆ ಬೆಣಚುಕಲ್ಲಿನ ಕಣಗಳಿರುತ್ತವೆ. ಬೋರಿನ ಬೀಡುಕಬ್ಬಿಣಕ್ಕಿಂತ ಅವು ಗಡುಸು. ಎಣ್ಣೆಯ ಪದರಕ್ಕಿಂತ ತುಸು ದಪ್ಪನಾದ ಕಣ ಪದರವನ್ನು ದಾಟಿ ಎರಡೂ ಬದಿಯ ಲೋಹವನ್ನು ಗೀರುತ್ತದೆ. ತಲೆಗೂದಲಿನ ದಪ್ಪದ ಹತ್ತನೇ ಒಂದು ಪಾಲಿನಷ್ಟು ಕಣ ಸಾಕು. ಇಲ್ಲಿ ಎಣ್ಣೆ ಸಿಂಥೆಟಿಕ್ಕೋ ಖನಿಜವೋ ಎಂಬುದು ಧೂಳಿಗೆ ಗೊತ್ತಿಲ್ಲ. ದುಬಾರಿ ಎಣ್ಣೆ ಹಾಕಿ ಏರ್ ಕ್ಲೀನರಿನ ಕಡೆ ನೋಡದಿದ್ದರೆ ಆ ದುಡ್ಡು ದಂಡ.

ಹಳೆಯ ಟ್ರ್ಯಾಕ್ಟರುಗಳಲ್ಲಿ ಗಾಳಿಯನ್ನು ಎಣ್ಣೆಯ ಬಟ್ಟಲಿನ ಮೂಲಕ ಹಾಯಿಸುವ 'ಆಯಿಲ್ ಬಾತ್' ಕ್ಲೀನರ್ ಇರುತ್ತದೆ. ರಾಶಿಯ ದಿನಗಳಲ್ಲಿ, ಒಣಗಿದ ಹೊಲದಲ್ಲಿ ರೋಟಾವೇಟರ್ ಹೊಡೆಯುವ ದಿನಗಳಲ್ಲಿ ಈ ಬಟ್ಟಲನ್ನು ದಿನವೂ ಬಿಚ್ಚಿ ನೋಡಬೇಕು. ತಳದಲ್ಲಿ ಕೆಸರು ಕೂತಿದ್ದರೆ ತೊಳೆದು ಗುರುತಿನ ಮಟ್ಟಕ್ಕೆ ಹೊಸ ಎಣ್ಣೆ ಹಾಕಬೇಕು. ಗುರುತಿಗಿಂತ ಹೆಚ್ಚು ಹಾಕಿದರೆ ಇಂಜಿನ್ ಆ ಎಣ್ಣೆಯನ್ನೇ ಎಳೆದುಕೊಳ್ಳುತ್ತದೆ. ಕಾಗದದ ಕ್ಲೀನರ್ ಇದ್ದರೆ ಅದನ್ನು ಟಯರಿಗೆ ಬಡಿದು ಝಾಡಿಸುವ ಪದ್ಧತಿ ಬಿಡಬೇಕು. ಬಡಿದಾಗ ಕಣ್ಣಿಗೆ ಕಾಣದ ಸೀಳು ಬೀಳುತ್ತದೆ, ಅಲ್ಲಿಂದ ಧೂಳು ರಾಜಮಾರ್ಗದಲ್ಲಿ ಬಂದಂತೆ ಬರುತ್ತದೆ. ಒಳಗಿನಿಂದ ಹೊರಗೆ ಕಡಿಮೆ ಒತ್ತಡದ ಗಾಳಿ ಊದಿ, ಕೆಟ್ಟಿದ್ದರೆ ಬದಲಿಸಿ. ಕ್ಲೀನರಿನಿಂದ ಇಂಜಿನ್ನಿಗೆ ಹೋಗುವ ರಬ್ಬರ್ ಕೊಳವೆಯ ಕ್ಲಿಪ್ಪು ಸಡಿಲಾಗಿದೆಯೇ ಎಂದೂ ಕೈಯಾಡಿಸಿ ನೋಡಿ. ಕ್ಲೀನರ್ ಎಷ್ಟು ಒಳ್ಳೆಯದಿದ್ದರೂ ಈ ಕೊಳವೆ ಬಿರಿದಿದ್ದರೆ ಪ್ರಯೋಜನವಿಲ್ಲ.

ಟ್ರ್ಯಾಕ್ಟರಿನ ಲೆಕ್ಕ ಕಿಲೋಮೀಟರಿನದಲ್ಲ, ಗಂಟೆಯದು. ಅನೇಕ ಮಾದರಿಗಳಿಗೆ 250 ಗಂಟೆಗೊಮ್ಮೆ ಆಯಿಲ್, ಫಿಲ್ಟರ್ ಬದಲಿಸಲು ಹೇಳಿರುತ್ತಾರೆ. ಸುಗ್ಗಿಯಲ್ಲಿ ಬಾಡಿಗೆ ರಾಶಿಗೆ ಹೋದ ಟ್ರ್ಯಾಕ್ಟರ್ ದಿನಕ್ಕೆ 12 ಗಂಟೆ ಓಡಿದರೆ ಈ 250 ಗಂಟೆ 21 ದಿನದಲ್ಲಿ ಮುಗಿಯುತ್ತದೆ. ಹೊಲದಿಂದ ಹೊಲಕ್ಕೆ ಹೋಗುವ ಭರದಲ್ಲಿ ಇದು ಯಾರ ಲಕ್ಷ್ಯಕ್ಕೂ ಬರುವುದಿಲ್ಲ. "ಯುಗಾದಿಗೆ ಹಾಕ್ಸೀನಿ, ಬರೋ ಯುಗಾದಿಗೆ ನೋಡೂಣು" ಎಂಬ ರೂಢಿ ಇಂಥಲ್ಲಿ ಇಂಜಿನ್ನನ್ನು ಬೋರಿನ ಕೆಲಸಕ್ಕೆ ತಂದು ನಿಲ್ಲಿಸುತ್ತದೆ. ರಿಪೇರಿಯ ಖರ್ಚು ಒಂದು ಕಡೆ. ಅದಕ್ಕಿಂತ ದೊಡ್ಡದು ಸುಗ್ಗಿಯ ನಡುವೆ ಟ್ರ್ಯಾಕ್ಟರ್ ಬಿಚ್ಚಿ ಕೂತ ದಿನಗಳ ನಷ್ಟ. ಸಾಲದ ಕಂತು ಆ ದಿನಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಗಂಟೆಯ ಮೀಟರ್ ಕೆಟ್ಟಿದ್ದರೆ ಮೊದಲು ಅದನ್ನು ಸರಿಮಾಡಿಸಿ. ಆಯಿಲ್ ಹಾಕಿದ ದಿನ ಮೀಟರಿನ ಅಂಕಿಯನ್ನು ಮಡ್‌ಗಾರ್ಡಿನ ಒಳಬದಿಗೆ ಬಣ್ಣದಲ್ಲಿ ಬರೆದಿಡುವ ಚಾಲಕರಿದ್ದಾರೆ. ಬಹಳ ಒಳ್ಳೆಯ ಅಭ್ಯಾಸ.

ಬೈಕಿನ ಶತ್ರು ಬೇರೆ. ಎರಡು ಮೂರು ಕಿ.ಮೀ. ಓಡಿ ನಿಂತರೆ ಇಂಜಿನ್ ಪೂರ್ತಿ ಬಿಸಿಯಾಗುವುದಿಲ್ಲ. ಉರಿಯದ ಪೆಟ್ರೋಲು, ನೀರಿನ ಪಸೆ ಆವಿಯಾಗಿ ಹೊರಗೆ ಹೋಗದೆ ಎಣ್ಣೆಯಲ್ಲೇ ಉಳಿಯುತ್ತವೆ. ಆದ್ದರಿಂದ ವರ್ಷಕ್ಕೆ ನಾಲ್ಕು ಸಾವಿರ ಕಿ.ಮೀ. ಮಾತ್ರ ಓಡುವ ಹೊಲದ ಬೈಕಿನ ಎಣ್ಣೆ, ಹುಬ್ಬಳ್ಳಿಗೆ ದಿನಾ ನೌಕರಿಗೆ ಹೋಗುವವರ ಬೈಕಿನ ಎಣ್ಣೆಗಿಂತ ಬೇಗ ಕೆಡಬಹುದು. ಕೈಪಿಡಿಯಲ್ಲಿ ಕಿಲೋಮೀಟರಿನ ಜೊತೆಗೆ ತಿಂಗಳ ಲೆಕ್ಕವನ್ನೂ ಕೊಟ್ಟಿರುವುದು ಇದಕ್ಕೇ. ಯಾವುದು ಮೊದಲು ಬರುತ್ತದೋ ಅದು.

ದುಡ್ಡಿನ ಲೆಕ್ಕ

ಲೆಕ್ಕಕ್ಕಾಗಿ ಬೈಕಿಗೆ ಬೇಕಾದ ಖನಿಜ ಎಣ್ಣೆಗೆ 400 ರೂಪಾಯಿ, ಸಿಂಥೆಟಿಕ್‌ಗೆ 900 ರೂಪಾಯಿ ಎಂದಿಟ್ಟುಕೊಳ್ಳಿ. ವರ್ಷಕ್ಕೆ 12,000 ಕಿ.ಮೀ. ಓಟ. ಖನಿಜ ಎಣ್ಣೆಯನ್ನು 3,000ಕ್ಕೊಮ್ಮೆ ಬದಲಿಸಿದರೆ ನಾಲ್ಕು ಸಲ, 1,600 ರೂಪಾಯಿ. ಸಿಂಥೆಟಿಕ್ ಹಾಕಿ ಅವಧಿಯನ್ನು ಎರಡು ಪಟ್ಟು ಮಾಡಿ 6,000ಕ್ಕೊಮ್ಮೆ ಬದಲಿಸಿದರೂ 1,800 ರೂಪಾಯಿ. ಸರಿಸಮವಾಗಬೇಕಾದರೆ 6,750 ಕಿ.ಮೀ. ಎಳೆಯಬೇಕು. ಕಾಗದದ ಫಿಲ್ಟರಿಲ್ಲದ ಬೈಕನ್ನು ಮಣ್ಣಿನ ದಾರಿಯಲ್ಲಿ ಓಡಿಸುವವರು ಅಷ್ಟು ಎಳೆಯುವುದು ಜಾಣತನವಲ್ಲ. ಇಂಥವರಿಗೆ ಕೈಪಿಡಿ ಹೇಳಿದ ದರ್ಜೆಯ ಸಾಮಾನ್ಯ ಎಣ್ಣೆಯನ್ನು ಹೊತ್ತಿಗೆ ಸರಿಯಾಗಿ ಬದಲಿಸುವುದೇ ಲಾಭ. ದಿನಾ ನೂರು ಕಿ.ಮೀ. ಡಾಂಬರು ರಸ್ತೆಯಲ್ಲಿ ಓಡುವವರು, 150 ಸಿ.ಸಿ.ಗೂ ಮೇಲ್ಪಟ್ಟ ಬಿಸಿ ಇಂಜಿನ್ನಿನ ಬೈಕಿನವರು ಸಿಂಥೆಟಿಕ್ ಹಾಕಿದರೆ ಅರ್ಥವಿದೆ. ಅದೂ ಅವಧಿ ಎಳೆಯಲಿಕ್ಕಲ್ಲ, ಇಂಜಿನ್ನಿನ ಹಿತಕ್ಕೆ.

ಲಾರಿಯ ಲೆಕ್ಕ ಬೇರೆ. 15 ಲೀಟರ್ ಎಣ್ಣೆಗೆ ಎರಡು ಪಟ್ಟು ಬೆಲೆ ಕೊಟ್ಟು ಎರಡು ಪಟ್ಟು ಓಡಿಸಿದರೆ ಎಣ್ಣೆಯ ಖರ್ಚು ಸರಿಸಮವಾಗುತ್ತದೆ. ಒಂದು ಫಿಲ್ಟರು, ಲಾರಿ ನಿಂತ ಒಂದು ದಿನ, ಹದಿನೈದು ಲೀಟರ್ ಹೊಲಸು ಎಣ್ಣೆ ಉಳಿಯುತ್ತವೆ. ಸಿಂಥೆಟಿಕ್ ಎಣ್ಣೆಯ ದೀರ್ಘ ಅವಧಿಯಿಂದ ನಿಜವಾದ ಪ್ರಯೋಜನ ಇಂಥ ಕಡೆ. ಆದರೆ ಅಲ್ಲೂ ತಯಾರಕರು ಒಪ್ಪಿದ ಅವಧಿಯನ್ನು ಮೀರಬಾರದು. ವಾರಂಟಿ ಇರುವಾಗ ಸ್ವಂತ ಲೆಕ್ಕದಲ್ಲಿ ಅವಧಿ ಎಳೆದರೆ ಮುಂದೆ ಇಂಜಿನ್ ಕೆಟ್ಟಾಗ ಕೇಳುವ ಹಕ್ಕು ಹೋಗುತ್ತದೆ.

ಅವಧಿ ಹೆಚ್ಚಿಸಲೇಬೇಕೆಂದರೆ ಪರೀಕ್ಷೆ ಬೇಕು. ದೊಡ್ಡ ಸಾರಿಗೆ ಸಂಸ್ಥೆಗಳು, ಗಣಿ ಯಂತ್ರಗಳ ಮಾಲೀಕರು ಬಳಸಿದ ಎಣ್ಣೆಯ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಅಲ್ಲಿ ಕಬ್ಬಿಣ, ತಾಮ್ರ, ಸಿಲಿಕಾನ್ ಎಷ್ಟಿದೆ, ಕ್ಷಾರ ಎಷ್ಟು ಉಳಿದಿದೆ, ಇಂಧನ ಬೆರೆತಿದೆಯೇ ಎಂದು ಅಳೆಯುತ್ತಾರೆ. ಸಿಲಿಕಾನ್ ಏರಿದ್ದರೆ ಧೂಳು ಒಳಗೆ ಬರುತ್ತಿದೆ ಎಂದರ್ಥ. ನಾಲ್ಕೈದು ಲಾರಿ ಇರುವವರಿಗೆ ಇದು ಕೈಗೆಟುಕುವ ಕೆಲಸ. ಒಂದೇ ಟ್ರ್ಯಾಕ್ಟರ್ ಇರುವವರು ಮನೆಯಲ್ಲೇ ಒಂದು ಒರಟು ಪರೀಕ್ಷೆ ಮಾಡಬಹುದು. ಇಂಜಿನ್ ಬಿಸಿಯಿರುವಾಗ ನಿಲ್ಲಿಸಿ, ಡಿಪ್ ಸ್ಟಿಕ್ಕಿನಿಂದ ಒಂದು ಹನಿಯನ್ನು ಶಾಯಿ ಹೀರುವ ಕಾಗದ ಅಥವಾ ಸೋಸು ಕಾಗದದ ಮೇಲೆ ಬಿಡಿ. ಕಾಗದ ನೆಲಕ್ಕೆ ತಾಗದಂತೆ ಬಟ್ಟಲಿನ ಬಾಯಿಯ ಮೇಲೆ ಒಂದು ರಾತ್ರಿ ಇಡಿ. ಮಸಿ ನಡುವಿನಿಂದ ಅಂಚಿನವರೆಗೆ ಒಂದೇ ಸಮನಾಗಿ ಹರಡಿದ್ದರೆ ಮಸಿಯನ್ನು ಚದುರಿಸುವ ಶಕ್ತಿ ಎಣ್ಣೆಯಲ್ಲಿ ಇನ್ನೂ ಇದೆ. ನಡುವೆ ಕಾಡಿಗೆಯಂಥ ದಟ್ಟ ಬೊಟ್ಟು ನಿಂತು ಸುತ್ತ ಬರೀ ತಿಳಿ ಎಣ್ಣೆ ಹರಡಿದ್ದರೆ ಆ ಶಕ್ತಿ ಮುಗಿದಿದೆ, ಬದಲಿಸಿ. ಈ ಪರೀಕ್ಷೆ ಕ್ಷಾರವನ್ನಾಗಲಿ ಧೂಳನ್ನಾಗಲಿ ತೋರಿಸುವುದಿಲ್ಲ. ಆದ್ದರಿಂದ ಬೇಗ ಬದಲಿಸಲು ಇದು ಕಾರಣವಾಗಬಹುದೇ ಹೊರತು ತಡಮಾಡಲು ಪರವಾನಗಿಯಲ್ಲ.

ಎಣ್ಣೆ ಕಪ್ಪಾದುದೇ ಕೆಟ್ಟ ಲಕ್ಷಣ ಎಂಬ ನಂಬಿಕೆಯೂ ಪೂರ್ತಿ ಸರಿಯಲ್ಲ. ಡೀಸೆಲ್ ಇಂಜಿನ್ನಿನಲ್ಲಿ ಹೊಸ ಎಣ್ಣೆ ಬೇಗ ಕಪ್ಪಾಗುತ್ತದೆ. ಮಸಿಯನ್ನು ತೊಳೆದು ಹೊತ್ತುಕೊಂಡಿದೆ ಎಂದರ್ಥ. ಚಹಾದಂತೆ, ಹಾಲು ಬೆರೆಸಿದಂತೆ ಕಂಡರೆ ಮಾತ್ರ ನೀರು ಸೇರಿದೆ, ಕೂಡಲೇ ಗ್ಯಾರೇಜಿಗೆ ಒಯ್ಯಿರಿ. ಹಾಕದಿದ್ದರೂ ಮಟ್ಟ ಏರಿದ್ದರೆ ಇಂಧನವೋ ನೀರೋ ಬೆರೆಯುತ್ತಿದೆ. ಬಿ.ಎಸ್.-6 ಡೀಸೆಲ್ ವಾಹನಗಳಲ್ಲಿ ಹೊಗೆಯ ಮಸಿ ಹಿಡಿಯುವ ಫಿಲ್ಟರನ್ನು ಸುಟ್ಟು ಶುದ್ಧಮಾಡಲು ಹೆಚ್ಚುವರಿ ಡೀಸೆಲ್ ಚಿಮ್ಮಿಸುವ ಏರ್ಪಾಡಿದೆ. ಸಣ್ಣ ಸಣ್ಣ ಓಟದಲ್ಲಿ ಈ ಡೀಸೆಲ್ ಎಣ್ಣೆಗೆ ಇಳಿಯುತ್ತದೆ. ಇಂಥ ವಾಹನಗಳಿಗೆ ಬೂದಿ ಕಡಿಮೆ ಬಿಡುವ ವಿಶೇಷ ದರ್ಜೆಯ ಎಣ್ಣೆಯೇ ಬೇಕು. ಹಳೆಯ ಲಾರಿಯ ಎಣ್ಣೆ ಹಾಕಿದರೆ ಆ ದುಬಾರಿ ಫಿಲ್ಟರು ಕಟ್ಟಿಕೊಳ್ಳುತ್ತದೆ.

ಕೊಳ್ಳುವಾಗ ಬೈಕಿನವರು ಡಬ್ಬಿಯ ಹಿಂಬದಿಯಲ್ಲಿ 'ಜಾಸೊ ಎಂ.ಎ.' ಅಥವಾ 'ಎಂ.ಎ.2' ಎಂಬ ಗುರುತು ಇದೆಯೇ ನೋಡಬೇಕು. ಇದು ಎಣ್ಣೆಯಲ್ಲಿ ಮುಳುಗಿದ ಕ್ಲಚ್ಚಿಗೆ ಹೊಂದುವ ಎಣ್ಣೆಯ ಜಪಾನೀ ಗುರುತು. ಕಾರಿನ ಸಿಂಥೆಟಿಕ್ ಎಣ್ಣೆ ಎಷ್ಟೇ ದುಬಾರಿಯಾದರೂ ಅದರಲ್ಲಿ ಜಾರುಗುಣ ಹೆಚ್ಚಿಸುವ ವಸ್ತುಗಳಿದ್ದರೆ ಬೈಕಿನ ಕ್ಲಚ್ಚು ಜಾರತೊಡಗುತ್ತದೆ. ಗೇರಿಲ್ಲದ ಸ್ಕೂಟರುಗಳಿಗೆ 'ಎಂ.ಬಿ.' ಎಂಬುದು ಬೇರೆ. ಬಿಡಿಯಾಗಿ ಅಳೆದು ಕೊಡುವ ಎಣ್ಣೆ ಬೇಡ. ಮುಚ್ಚಳದ ಸೀಲನ್ನು ನಿಮ್ಮ ಕಣ್ಣೆದುರೇ ಒಡೆಯಲಿ. ಖಾಲಿ ಡಬ್ಬಿಗೆ ತೂತು ಹೊಡೆದು, ಚೀಟಿ ಹರಿದು ಬಿಸಾಡಿ, ಇಲ್ಲವಾದರೆ ಅದೇ ಡಬ್ಬಿ ಬೇರೆ ಎಣ್ಣೆ ತುಂಬಿಕೊಂಡು ಮತ್ತೆ ಪೇಟೆಗೆ ಬರಬಹುದು.

ಇಳಿಸಿದ ಎಣ್ಣೆ ಎಲ್ಲಿಗೆ?

ಹಳೆಯ ಎಣ್ಣೆಯನ್ನು ಬಾಗಿಲ ಚೌಕಟ್ಟಿಗೆ ಗೆದ್ದಲು ಹತ್ತದಂತೆ ಬಳಿಯುವುದು, ಚೈನಿಗೆ ಸವರುವುದು, ಉಳಿದದ್ದನ್ನು ಗ್ಯಾರೇಜಿನ ಹಿಂದಿನ ಗಟಾರಕ್ಕೆ ಚೆಲ್ಲುವುದು ನಮ್ಮಲ್ಲಿ ನಡೆದುಬಂದಿದೆ. ಬಳಸಿದ ಎಣ್ಣೆಯಲ್ಲಿ ಭಾರಲೋಹಗಳೂ ಕ್ಯಾನ್ಸರಿಗೆ ಕಾರಣವಾಗಬಲ್ಲ ಸುಟ್ಟ ವಸ್ತುಗಳೂ ಇರುತ್ತವೆ. ಬರಿಗೈಯಲ್ಲಿ ಮುಟ್ಟುವುದು ಒಳ್ಳೆಯದಲ್ಲ. ಒಂದು ಕಾರಿನಿಂದ ಒಮ್ಮೆ ಇಳಿಸಿದ ಎಣ್ಣೆ ಹತ್ತು ಲಕ್ಷ ಗ್ಯಾಲನ್ ಸಿಹಿನೀರನ್ನು ಕೆಡಿಸಬಲ್ಲದು ಎಂದು ಅಮೆರಿಕದ ಪರಿಸರ ರಕ್ಷಣಾ ಸಂಸ್ಥೆ ಹೇಳುತ್ತದೆ. ಕೆರೆ, ಕೊಳವೆಬಾವಿಗಳನ್ನೇ ನಂಬಿದ ಊರುಗಳಿಗೆ ಇದು ಸಣ್ಣ ಮಾತಲ್ಲ. ನಮ್ಮ ದೇಶದಲ್ಲಿ ಬಳಸಿದ ಎಣ್ಣೆ 2016ರ ಅಪಾಯಕಾರಿ ತ್ಯಾಜ್ಯಗಳ ನಿಯಮಗಳ ವ್ಯಾಪ್ತಿಗೆ ಬರುತ್ತದೆ. 2024ರ ಏಪ್ರಿಲ್ 1ರಿಂದ ಬಳಸಿದ ಎಣ್ಣೆಯನ್ನು ಮರುಸಂಸ್ಕರಣೆಗೆ ಮುಟ್ಟಿಸುವ ಹೊಣೆಯನ್ನು ಎಣ್ಣೆ ತಯಾರಕರ ಮೇಲೂ ಹೊರಿಸಲಾಗಿದೆ. ಚೆನ್ನಾಗಿ ಸಂಸ್ಕರಿಸಿದರೆ ಅದರಿಂದ ಮತ್ತೆ ಮೂಲ ಎಣ್ಣೆ ತೆಗೆಯಬಹುದು. ಹೊಲದಲ್ಲಿ ಆಯಿಲ್ ಇಳಿಸುವವರು ಮುಚ್ಚಳವಿರುವ ಕ್ಯಾನಿನಲ್ಲಿ ಹಿಡಿದು, ನೀರು, ಸೀಮೆಎಣ್ಣೆ ಬೆರೆಸದೆ, ಸಂಗ್ರಹಿಸುವ ಅಧಿಕೃತ ಸರ್ವಿಸ್ ಕೇಂದ್ರಕ್ಕೆ ಕೊಡಬೇಕು. ಫಿಲ್ಟರನ್ನು ಒಂದು ರಾತ್ರಿ ಬೋರಲು ಹಾಕಿ ಉಳಿದ ಎಣ್ಣೆ ಸೋರಿಸಿ ಅದೇ ಕ್ಯಾನಿಗೆ ಸೇರಿಸಿ.